ಡಾಕ್ಟರು ಹೆಚ್ಚಾದರೂ ಫೀಸು ಇಳಿಯದೇಕೆ?

ಹೊಸನಗರ ತಾಲ್ಲೂಕಿನ ಅಡಿಕೆ ಬೆಳೆಗಾರರೊಬ್ಬರ ಪತ್ರ: "ಅಡಿಕೆ ಜಾಸ್ತಿ ಬಂದರೆ ಧಾರಣೆ ಬೀಳುತ್ತದೆ. ಶಿವಮೊಗ್ಗದಲ್ಲಿ ಬೀದಿಗೊಂದು ಕ್ಲಿನಿಕ್ ಆಗಿದೆ, ಫೀಸು ಮಾತ್ರ ಇಳಿದಿಲ್ಲ. ಸಾಲ ಮಾಡಿ ಎಂಬಿಬಿಎಸ್ ಓದಿಸಿದ ಮಗಳಿಗೆ ಅಲ್ಲಿ ಸಿಕ್ಕಿದ್ದು ಸಾಲದ ಕಂತಿಗೂ ಸಾಕಾಗದ ಸಂಬಳ. ಈಗ ಊರ ಕಡೆಯ ಸರ್ಕಾರಿ ಆಸ್ಪತ್ರೆಗೆ ಗುತ್ತಿಗೆ ಮೇಲೆ ಸೇರುತ್ತೇನೆ ಅನ್ನುತ್ತಾಳೆ. ಕಳಿಸಲೇ?"

ಸಂಪಾದಕರ ಉತ್ತರ:

ಮಾನ್ಯರೇ, ಮಂಡಿಯ ಲೆಕ್ಕ ಹಿಡಿದೇ ಹೇಳುತ್ತೇನೆ. ಅಲ್ಲಿ ಕೊಳ್ಳುವವನಿಗೆ ಅಡಿಕೆಯಲ್ಲಿ ರಾಶಿ ದರ್ಜೆ ಯಾವುದು, ಗೊರಬಲು ದರ್ಜೆ ಯಾವುದು ಗೊತ್ತು; ಬೇಡವೆನಿಸಿದರೆ ಎದ್ದು ಹೋಗುತ್ತಾನೆ. ಎದೆನೋವೆಂದು ಬಂದು ಕೂತ ರೋಗಿಗೆ ಏನು ಬೇಕು, ಎಷ್ಟು ಬೇಕು ಎಂದು ಹೇಳುವವರು ಡಾಕ್ಟರೇ. ಕೊಳ್ಳುವವನ ಅಗತ್ಯವನ್ನು ಮಾರುವವರೇ ನಿರ್ಧರಿಸುವ ಪೇಟೆ ಇದು. ರೋಗಿಗೂ ಡಾಕ್ಟರಿಗೂ ನಡುವಿನ ಈ ತಿಳಿವಳಿಕೆಯ ಅಂತರವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1963ರಲ್ಲೇ ಬಿಡಿಸಿ ಬರೆದಿದ್ದರು. ಡಾಕ್ಟರು ಹೆಚ್ಚಾದಂತೆ ಒಬ್ಬೊಬ್ಬರ ಪಾಲಿನ ರೋಗಿಗಳು ಕಡಿಮೆಯಾಗುತ್ತಾರೆ. ಕಟ್ಟಡದ ಬಾಡಿಗೆ, ಯಂತ್ರದ ಸಾಲ ಕಡಿಮೆಯಾಗುವುದಿಲ್ಲ. ಆಗ ಇನ್ನೊಂದು ಸ್ಕ್ಯಾನ್, ಇನ್ನೊಂದು ರಕ್ತಪರೀಕ್ಷೆ ಬರೆಯುವ ಒತ್ತಡ ಹುಟ್ಟುತ್ತದೆ. ಅದಕ್ಕೆ ಮಣಿಯದ ಡಾಕ್ಟರು ಬಹಳ ಮಂದಿ ಇದ್ದಾರೆ, ಅವರ ಕಷ್ಟ ದೊಡ್ಡದು.

ಧಾರಣೆ ಬಿದ್ದಿರುವುದು ನಿಮ್ಮ ಮಗಳಂಥವರ ದುಡಿಮೆಗೆ. ದೇಶದಲ್ಲಿ 2014ರಲ್ಲಿ 51 ಸಾವಿರದಷ್ಟಿದ್ದ ಎಂಬಿಬಿಎಸ್ ಸೀಟು ಹತ್ತು ವರ್ಷದೊಳಗೆ ಲಕ್ಷ ದಾಟಿತು. ಶಿವಮೊಗ್ಗದಲ್ಲೇ ಎರಡು ಮೆಡಿಕಲ್ ಕಾಲೇಜುಗಳಿವೆ. ಮುಂದೆ ಓದುವ ಎಂಡಿ, ಎಂಎಸ್ ಸೀಟು ಅಷ್ಟಿಲ್ಲ. ಹಾಗಾಗಿ ಅದರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ಓದುತ್ತಾ ರಾತ್ರಿ ಪಾಳಿ ಮಾಡುವ ಡ್ಯೂಟಿ ಡಾಕ್ಟರುಗಳು ಬೇಕಾದಷ್ಟು ಸಿಗುತ್ತಾರೆ. ಒಬ್ಬರು ಬಿಟ್ಟ ಕೆಲಸಕ್ಕೆ ಮರುದಿನವೇ ಇನ್ನೊಬ್ಬರು.

ಇಷ್ಟಾದರೂ 'ಡಾಕ್ಟರು ಅತಿಯಾದರು' ಎನ್ನಲು ನನಗೆ ಮನಸ್ಸು ಬಾರದು. ಗುಡ್ಡಗಾಡಿನಲ್ಲಿ 20 ಸಾವಿರ ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ನಿಯಮ. ಮಳೆಗಾಲದಲ್ಲಿ ಅಲ್ಲಿಗೆ ಬರಲು ಎಷ್ಟು ಹಳ್ಳ ದಾಟಬೇಕೆಂದು ನಿಮಗೆ ನಾನು ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಗುರುತಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡು ಬಿಟ್ಟಿಲ್ಲ. ಉಣುಗು ಕಚ್ಚಿ ಬರುವ ಈ ಜ್ವರವನ್ನು ಮೊದಲ ದಿನವೇ ಅನುಮಾನಿಸುವ ಡಾಕ್ಟರು ಬೇಕಿರುವುದು ಕಾಡಂಚಿನ ಊರುಗಳಲ್ಲಿ. ಅಲ್ಲಿ ಕಾಯಿಲೆ ಇದೆ, ಫೀಸು ಕೊಡುವ ದುಡ್ಡಿಲ್ಲ. ಆ ದುಡ್ಡನ್ನು ಸರ್ಕಾರ ಸಂಬಳವಾಗಿ ಇಡಬೇಕು. ಬರೀ ಸೀಟು ಹೆಚ್ಚಿಸಿ, ಕಾಯಂ ಹುದ್ದೆ ಕೊಡದೆ ಗುತ್ತಿಗೆಯಲ್ಲೇ ದೂಡಿದರೆ ಓದಿದವರು ಪೇಟೆಯಲ್ಲೇ ಗುಂಪುಗೂಡುತ್ತಾರೆ.

ಮಗಳನ್ನು ಕಳಿಸಿ. ಆದರೆ ಸಹಿ ಹಾಕುವ ಮೊದಲು ಸಂಬಳ ಪ್ರತಿ ತಿಂಗಳು ಬರುತ್ತದೆಯೇ, ರಾತ್ರಿ ಜೊತೆಗೆ ನರ್ಸ್ ಇರುತ್ತಾರೆಯೇ, ಕ್ವಾರ್ಟರ್ಸ್ ಸೋರುತ್ತದೆಯೇ ಎಂದು ಅವಳೇ ಹೋಗಿ ನೋಡಿ ಬರಲಿ. ಅಲ್ಲಿ ಕಂಡದ್ದನ್ನು ನಮಗೂ ಬರೆಯಲಿ, ಪ್ರಕಟಿಸುತ್ತೇವೆ.