"ಉಳಿದ 349ರಲ್ಲಿ ನಾನೊಬ್ಬ"

ನಾನು ಆಪ್ತಸಲಹೆಗಾರ್ತಿ. ಇದೇ ಮಾತನ್ನು ಬೇರೆ ಬೇರೆ ಬಾಯಲ್ಲಿ ಕೇಳಿ ಕೇಳಿ ಬರೆಯಲೇಬೇಕು ಅನಿಸಿತು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

26ರ ಹುಡುಗ. ಪದವಿ ಮುಗಿದು ಐದು ವರ್ಷ, ಸರ್ಕಾರಿ ಪರೀಕ್ಷೆ ಬರೆಯುತ್ತಲೇ ಇದ್ದಾನೆ. ನಿದ್ದೆ ಮಾಡಲ್ಲ, ಅಪ್ಪನ ಎದುರು ಕೂರಲ್ಲ ಅಂತ ಅಕ್ಕ ಕರೆತಂದಿದ್ದರು.

ಮೂರನೇ ಭೇಟಿಯಲ್ಲಿ ಒಂದು ನೋಟ್‌ಬುಕ್ ತೆಗೆದ. ಪುಟದ ತುಂಬ ಭಾಗಾಕಾರ. ಬಂದ ಅರ್ಜಿ, ಇದ್ದ ಹುದ್ದೆ, ಗೆರೆ ಎಳೆದು ಉತ್ತರ. 2019ರ ರೈಲ್ವೆ ಎನ್‌ಟಿಪಿಸಿ (ತಾಂತ್ರಿಕವಲ್ಲದ ಹುದ್ದೆಗಳ) ನೇಮಕಾತಿಯೂ ಇತ್ತು: 35 ಸಾವಿರ ಚಿಲ್ಲರೆ ಹುದ್ದೆಗೆ ಸುಮಾರು 1.25 ಕೋಟಿ ಅರ್ಜಿ. ಒಂದು ಹುದ್ದೆಗೆ ಹತ್ತಿರ ಹತ್ತಿರ 350 ಜನ. ಆ 350ರ ಮೇಲೆ ಎಷ್ಟು ಸಲ ಪೆನ್ನು ತಿದ್ದಿದ್ದ ಅಂದರೆ ಹಾಳೆ ತೂತಾಗಿತ್ತು.

"ಒಬ್ಬನಿಗೆ ಕೆಲಸ ಮೇಡಂ. ಉಳಿದ 349 ಜನ ಸುಮ್ನೆ ಹುಟ್ಟಿದವರು. ಅದರಲ್ಲಿ ನಾನೊಬ್ಬ."

ಅಳಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದ. ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿದೆ, ಇಂಥ ಮಾತು ಬಂದಾಗ ಕೇಳಲೇಬೇಕು. ಇಲ್ಲ ಅಂದ.

ಜನಸಂಖ್ಯೆಯ ಒತ್ತಡ ಸುಳ್ಳು ಅಂತ ನಾನು ಹೇಳಲಿಲ್ಲ. ಕೆಲಸ ಹುಡುಕುವ ಕೈ ಜಾಸ್ತಿಯಾದಾಗ ಸಾಲು ಬೆಳೆಯುತ್ತದೆ, ಕೂಲಿ ಏರುವುದಿಲ್ಲ, ಶಾಲೆಗೆ ತರಬೇತಿಗೆ ಇಟ್ಟ ದುಡ್ಡು ಸಾಲುವುದಿಲ್ಲ. ಆದರೆ ಅದೇ ಪುಟದಲ್ಲಿ ಇನ್ನೊಂದು ಲೆಕ್ಕ ಬರೆದೆ. 1960ರಲ್ಲಿ ದಕ್ಷಿಣ ಕೊರಿಯಾದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 6 ಮಕ್ಕಳು. ಆ ಮಕ್ಕಳನ್ನು ಓದಿಸಿದರು, ಅವರು ಬೆಳೆಯುವ ಹೊತ್ತಿಗೆ ಕಾರ್ಖಾನೆಗಳು ಎದ್ದಿದ್ದವು. ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆ ಸರಾಸರಿ 2ಕ್ಕೆ ಇಳಿದಿದೆ, ಆದರೂ ಸಾಲು ಕರಗಿಲ್ಲ, ಯಾಕಂದರೆ ಇವತ್ತು ನಿಂತಿರುವವರು 20-30 ವರ್ಷದ ಹಿಂದೆ ಹುಟ್ಟಿದವರು, ಅವರ ಸಂಖ್ಯೆಗೆ ತಕ್ಕ ಕೆಲಸ ಮಾತ್ರ ಹುಟ್ಟಲಿಲ್ಲ.

"ಇದರಲ್ಲಿ ನಿಮ್ಮ ತಪ್ಪು ಎಲ್ಲಿದೆ, ಬೆರಳಿಟ್ಟು ತೋರಿಸಿ" ಅಂದೆ.

ಬಹಳ ಹೊತ್ತು ಹಾಳೆ ನೋಡಿದ. ಆಮೇಲೆ, "ಇದನ್ನ ನಮ್ಮಪ್ಪನಿಗೆ ಹೇಳ್ತೀರಾ?"

ಆಪ್ತಸಲಹೆಯಲ್ಲಿ ಅರ್ಥಶಾಸ್ತ್ರ ಯಾಕೆ ಅಂತ ಜೊತೆಯವರು ಕೇಳಿದರು. ತಾನು ಯಾರಿಗೂ ಬೇಡದವನು ಅಂತ ನಂಬಿದವನಿಗೆ ಉಸಿರಾಟದ ಅಭ್ಯಾಸ ಮಾತ್ರ ಕೊಟ್ಟು ಕಳಿಸಿದರೆ ಆ ನಂಬಿಕೆ ಹಾಗೇ ಮನೆಗೆ ಹೋಗುತ್ತದೆ ಅಲ್ವಾ? "ಜನ ಜಾಸ್ತಿ, ಅದಕ್ಕೇ ನಿನಗೆ ಕೆಲಸ ಇಲ್ಲ" ಅಂತ ನೆಂಟರೆಲ್ಲ ಹೇಳುವಾಗ ಅದು ಆ ಹುಡುಗನ ಕಿವಿಗೆ ಬೀಳುವ ರೀತಿಯೇ ಬೇರೆ. ದಯವಿಟ್ಟು ನಿಲ್ಲಿಸಿ.

ಕೊಟ್ಟ ಸಲಹೆ ಇಷ್ಟು. ಇನ್ನು ಎರಡೇ ಪ್ರಯತ್ನ, ಕೊನೆಯ ದಿನಾಂಕ ಈಗಲೇ ಬರೆದಿಡಿ. ಅಲ್ಲಿಯವರೆಗೆ ಅರ್ಧ ದಿನ ಸಂಬಳದ ಕೆಲಸ. ಕೈಗೆ ಸಿಕ್ಕಿದ್ದು ಮಾಡು ಅಂತೀರಾ ಅಂತ ಅವನು ನೊಂದುಕೊಂಡ. ನಾನು ಸಲಹೆ ಹಿಂದೆ ತೆಗೆದುಕೊಳ್ಳಲಿಲ್ಲ. ಸಾಲು ಯಾವಾಗ ಕರಗುತ್ತೋ, ಅವನ ವಯಸ್ಸು ಅಲ್ಲಿಯವರೆಗೆ ಕಾಯುವುದಿಲ್ಲ.

ಮುಂದಿನ ವಾರ ಅಪ್ಪ ಬಂದರು. ಅವನೇ ಹೇಳಿದ, ನಾನು ಸುಮ್ಮನೆ ಪಕ್ಕದಲ್ಲಿ ಕೂತಿದ್ದೆ. ಅವರು ನೋಟ್‌ಬುಕ್ ತಿರುವುತ್ತಾ ಆ ತೂತಿನ ಹತ್ತಿರ ನಿಂತರು.

"ಇದನ್ನೆಲ್ಲ ಯಾವಾಗ ಬರೆದೆ?"

"ರಾತ್ರಿ, ಅಪ್ಪ."