ಗುಟ್ಟಿಟ್ಟುಕೊಳ್ಳುವ ಹಕ್ಕು: ಬಳಗ ಬಿಟ್ಟು ಬಂದ ಒಬ್ಬರ ಪ್ರಕರಣ

ವಿಮಲಾ ಆಪ್ತಸಲಹೆಗೆ ನನ್ನ ಬಳಿ ಬಂದದ್ದು ನಿದ್ದೆಯ ತೊಂದರೆಗೆಂದು. ಇದು ಅವರ ನಿಜವಾದ ಹೆಸರಲ್ಲ. ಊರು, ಉದ್ಯೋಗ, ಮನೆಯವರ ವಿವರಗಳನ್ನೂ ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದಿದ್ದೇನೆ. ವಯಸ್ಸು 36. ಬೆಳಗಿನ ಜಾವ ಮೂರೂವರೆಗೆ ತಾನಾಗಿ ಎಚ್ಚರವಾಗುತ್ತದೆ, ಎದೆ ಡವಗುಟ್ಟುತ್ತದೆ, ಏನೋ ತಪ್ಪಿಹೋಯಿತೆಂಬ ಭಯದಲ್ಲಿ ಎದ್ದು ಕುಳಿತುಬಿಡುತ್ತಾರೆ. ಹನ್ನೊಂದು ವರ್ಷ ಒಂದು ಧಾರ್ಮಿಕ ಬಳಗದ ವಸತಿಯಲ್ಲಿದ್ದವರು. ಅಲ್ಲಿ ಮೂರೂವರೆಗೆ ಗಂಟೆ ಹೊಡೆಯುತ್ತಿತ್ತು. ಹೊರಬಂದು ಏಳು ತಿಂಗಳಾಗಿದ್ದರೂ ಮೈ ಆ ಗಂಟೆಯನ್ನು ಮರೆತಿರಲಿಲ್ಲ.

ಆ ಬಳಗ ಯಾವ ಧರ್ಮದ್ದೆಂದು ಹೇಳುವುದಿಲ್ಲ. ಬೇರೆ ಬೇರೆ ಧರ್ಮಗಳ ಹೆಸರಿನಲ್ಲಿ ಇದೇ ನಡೆಯನ್ನು ನಾನು ಕಂಡಿದ್ದೇನೆ. ಒಂದು ಧರ್ಮದ ಹೆಸರು ಹೇಳಿದರೆ ಉಳಿದವರು ತಮಗಲ್ಲವೆಂದುಕೊಂಡು ನೆಮ್ಮದಿಯಿಂದ ಪುಟ ತಿರುಗಿಸುತ್ತಾರೆ.

"ಇಷ್ಟು ಓದಿಕೊಂಡವಳು ಹೇಗೆ ಸಿಕ್ಕಿಬಿದ್ದೆ?" ಎಂದು ನೆಂಟರೆಲ್ಲ ಕೇಳಿದ್ದರಂತೆ. ಈ ಪ್ರಶ್ನೆ ನನಗೆ ಸಿಟ್ಟು ತರಿಸುತ್ತದೆ. ವಿಮಲಾ ಬಿ.ಕಾಂ. ಮುಗಿಸಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಿದ್ದಾಗ ತಂದೆ ತೀರಿಕೊಂಡರು. ಆಸ್ಪತ್ರೆಯ ಆ ವಾರಗಳಲ್ಲಿ ಬುತ್ತಿ ತಂದವರು, ರಾತ್ರಿ ಪಕ್ಕದಲ್ಲಿ ಕುಳಿತವರು, ತಿಥಿಯ ನಂತರವೂ ಬಂದು ತಾಯಿಯನ್ನು ಮಾತಾಡಿಸಿದವರು ಬಳಗದ ಹೆಂಗಸರು. ಈಗ ಹೀಯಾಳಿಸುವ ನೆಂಟರಲ್ಲಿ ಆಗ ಒಬ್ಬರೂ ಬಂದಿರಲಿಲ್ಲ. ಇಂಥ ಬಳಗಗಳಿಗೆ ಜನ ಸಾಮಾನ್ಯವಾಗಿ ಸೇರುವುದು ಸಿದ್ಧಾಂತಕ್ಕೆ ಮರುಳಾಗಿ ಅಲ್ಲ. ಯಾರೋ ಕೈಹಿಡಿದರು, ಹಿಡಿದ ಕೈ ಬೆಚ್ಚಗಿತ್ತು, ಅದಕ್ಕೆ ಸೇರುತ್ತಾರೆ. ಮೊದಲು ವಾರಕ್ಕೊಂದು ಸತ್ಸಂಗ, ಆಮೇಲೆ ನಿತ್ಯದ ಸೇವೆ, ಆಮೇಲೆ ಕೆಲಸ ಬಿಡುವುದು, ಕೊನೆಗೆ ವಸತಿ. ಒಂದೊಂದು ಮೆಟ್ಟಿಲೂ ಹಿಂದಿನದಕ್ಕಿಂತ ತುಸುವೇ ಎತ್ತರ. ತಮ್ಮನೂ ಅಕ್ಕನ ಹಿಂದೆಯೇ ಹೋದ. ಅವನು ಇನ್ನೂ ಅಲ್ಲೇ ಇದ್ದಾನೆ.

ಒಳಗಿನ ಬದುಕನ್ನು ಅವರು ಹೇಳಿದ್ದು ತುಂಡು ತುಂಡಾಗಿ. ಮೊಬೈಲ್ ಕಚೇರಿಯಲ್ಲಿ ಒಪ್ಪಿಸಬೇಕು. ತಾಯಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ಒಬ್ಬರು ಇರಬೇಕು. ಜ್ವರ ಬಂದರೆ ಶ್ರದ್ಧೆ ಕಡಿಮೆಯಾದದ್ದರ ಗುರುತು. ಅನುಮಾನ ಬಂದರೆ ಅದು ಅಹಂಕಾರ. ಮನೆಯ ತನ್ನ ಪಾಲನ್ನು ಬಳಗಕ್ಕೆ ದಾನಪತ್ರ ಮಾಡಿಕೊಟ್ಟಿದ್ದರು. ಬಿಟ್ಟುಬರಲು ಕಾರಣವಾದದ್ದು ತಾಯಿಯ ಕಾಯಿಲೆ. ಹೋಗಿಬರಲು ಅನುಮತಿ ಕೇಳಿದರೆ, ಈ ಮೋಹವನ್ನು ಗೆಲ್ಲು ಎಂದರು. ಮತ್ತೆ ಕೇಳಿದಾಗಲೂ ಅದೇ ಉತ್ತರ. ಮೂರನೆಯ ಸಲ ವಿಮಲಾ ಕೇಳಲಿಲ್ಲ. ತರಕಾರಿ ತರಲು ಹೊರಟವರು ಬಸ್ ಹತ್ತಿದರು.

ಆದರೆ ಅವರನ್ನು ಎಲ್ಲಕ್ಕಿಂತ ಹೆಚ್ಚು ಮುರಿದದ್ದು ವಾರಕ್ಕೊಮ್ಮೆ ಹಿರಿಯರ ಮುಂದೆ ಮನಸ್ಸು ತೆರೆಯುವ ಪದ್ಧತಿ. ಆ ವಾರ ಬಂದ ಕೆಟ್ಟ ಯೋಚನೆ, ಹೊಟ್ಟೆಕಿಚ್ಚು, ಆಸೆ, ಕನಸು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದು ಓದಬೇಕು. ಏನೂ ಇಲ್ಲವೆಂದರೆ ಮುಚ್ಚಿಡುತ್ತಿದ್ದೀಯೆ ಎನ್ನುತ್ತಿದ್ದರು, ಹಾಗಾಗಿ ಇಲ್ಲದ್ದನ್ನೂ ಕಟ್ಟಿ ಬರೆಯುತ್ತಿದ್ದರು. ಹೀಗೆ ಒಪ್ಪಿಸಿದ ಮಾತುಗಳೇ ತಿಂಗಳುಗಳ ನಂತರ ಎಲ್ಲರ ಎದುರು ಬೈಗುಳವಾಗಿ ಮರಳಿ ಬರುತ್ತಿದ್ದವು. ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಚೀನಾದ ಕಮ್ಯುನಿಸ್ಟ್ ಸರ್ಕಾರ ಜನರ ಯೋಚನೆಯನ್ನೇ ಬದಲಿಸಲು ನಡೆಸುತ್ತಿದ್ದ 'ವಿಚಾರ ಸುಧಾರಣೆ'ಗೆ ಒಳಗಾಗಿ ಹಾಂಗ್‌ಕಾಂಗ್‌ಗೆ ಬಂದವರನ್ನು ಮಾತಾಡಿಸಿ, 1961ರಲ್ಲಿ ಮನಸ್ಸನ್ನು ಹಿಡಿತದಲ್ಲಿಡುವ ವ್ಯವಸ್ಥೆಗಳ ಎಂಟು ಲಕ್ಷಣಗಳನ್ನು ಗುರುತಿಸಿದ್ದರು. ತಪ್ಪೊಪ್ಪಿಗೆಯ ಗೀಳು ಅವುಗಳಲ್ಲಿ ಒಂದು. ಅಲ್ಲಿದ್ದದ್ದು ದೇವರನ್ನೇ ಒಪ್ಪದ ಸರ್ಕಾರ. ವಿಮಲಾ ಇದ್ದದ್ದು ದೇವರ ಹೆಸರಿನ ಮನೆ. ಉಪಾಯ ಮಾತ್ರ ಒಂದೇ.

ಹೀಗಿರುವಾಗ ಆಪ್ತಸಲಹೆಯ ಕೋಣೆಗೂ ಆ ಕೋಣೆಗೂ ಅವರ ಕಣ್ಣಿಗೆ ಯಾವ ವ್ಯತ್ಯಾಸ ಕಾಣಬೇಕು? ಎದುರಿಗೆ ಒಬ್ಬರು ಕುಳಿತಿದ್ದಾರೆ, ಮನಸ್ಸು ತೆರೆದು ಹೇಳಿ ಎನ್ನುತ್ತಿದ್ದಾರೆ, ಕೈಯಲ್ಲಿ ಪುಸ್ತಕವಿದೆ. ಮೊದಲ ಭೇಟಿಯಲ್ಲೇ ವಿಮಲಾ ತಲೆ ತಗ್ಗಿಸಿ ತನ್ನ ತಪ್ಪುಗಳ ಪಟ್ಟಿ ಒಪ್ಪಿಸಲು ಶುರುಮಾಡಿದರು. ಕೊನೆಗೆ, "ನೀವು ಹೇಳಿದಂತೆ ಮಾಡುತ್ತೇನೆ" ಎಂದರು. ಅಂದೇ ಪುಸ್ತಕವನ್ನು ಮೇಜಿನ ಒಳಗಿಟ್ಟೆ. ಇಲ್ಲಿ ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ನೀವೇ ನಿರ್ಧರಿಸಿ ಎಂದೆ. ನಾನು ಕೇಳಿದ ಪ್ರಶ್ನೆಗೆ ಉತ್ತರಿಸದೇ ಇರಬಹುದು, ನೀವು ಹೋದ ಮೇಲೆ ನಾನು ಬರೆದುಕೊಂಡದ್ದನ್ನು ಯಾವಾಗ ಬೇಕಾದರೂ ನೋಡಬಹುದು ಎಂದೂ ಹೇಳಿದೆ. ಮಾನಸಿಕ ಆರೋಗ್ಯದ ಚಿಕಿತ್ಸೆಯಲ್ಲಿ ಗೋಪ್ಯತೆಯೂ ತನ್ನ ದಾಖಲೆಯನ್ನು ತಾನು ನೋಡುವುದೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟಿರುವ ಹಕ್ಕುಗಳೆಂದು ತಿಳಿಸಿದಾಗ ಅವರು ನಂಬಲಾಗದೆ ನೋಡಿದರು.

ಸಾಮಾನ್ಯವಾಗಿ ನಾವು ದಿನಚರಿ ಬರೆಯಲು ಹೇಳುತ್ತೇವೆ. ವಿಮಲಾಗೆ ಬರೆಯುವುದೆಂದರೆ ವಿಚಾರಣೆ. ಅದರ ಬದಲು ಒಂದು ಕೆಲಸ ಕೊಟ್ಟೆ: ದಿನಕ್ಕೊಂದು ಸಣ್ಣ ತೀರ್ಮಾನ ನೀವೇ ಮಾಡಿ, ಅದನ್ನು ಯಾರಿಗೂ ಹೇಳಬೇಡಿ, ನನಗೂ ಹೇಳಬೇಡಿ. ಯಾವ ಬಣ್ಣದ ಕುಪ್ಪಸ, ಕಾಫಿಯೋ ಚಹಾವೋ, ಯಾವ ರಸ್ತೆಯಲ್ಲಿ ನಡೆದು ಮನೆಗೆ ಹೋಗುವುದು. ಹೋಟೆಲಿನಲ್ಲಿ ತಿಂಡಿಯ ಪಟ್ಟಿ ನೋಡಿ ಬೆವರಿ ಎದ್ದುಬಂದವರು ಅವರು. ಹನ್ನೊಂದು ವರ್ಷ ಕಟ್ಟಿಹಾಕಿದ್ದ ಕಾಲು ಬಿಚ್ಚಿದೊಡನೆ ಓಡುವುದಿಲ್ಲ. ಮೊದಮೊದಲು ಬಂದು, "ನಿನ್ನೆ ಏನು ಮಾಡಿದೆನೆಂದು ಹೇಳಿಬಿಡಲೇ?" ಎಂದು ಚಡಪಡಿಸುತ್ತಿದ್ದರು. ಬೇಡ ಎನ್ನುತ್ತಿದ್ದೆ. ಕೆಲವು ವಾರ ಕಳೆದ ಮೇಲೆ ಒಂದು ದಿನ, ನಾನು ಕೇಳಿದ್ದಕ್ಕೆ, "ಅದನ್ನು ನಾನು ಹೇಳುವುದಿಲ್ಲ" ಎಂದರು, ಮುಖ ಕೆಂಪೇರಿತ್ತು. ನನಗಾದ ಸಂತೋಷವನ್ನು ಅಡಗಿಸಿಕೊಳ್ಳಲಾಗಲಿಲ್ಲ.

ಸಾವಿನ ಯೋಚನೆಯ ಬಗ್ಗೆ ಮಾತ್ರ ನೇರವಾಗಿ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ಕಲ್ಪನೆ. ಸಾಯಬೇಕೆಂದಲ್ಲ, ಎದ್ದೇಳದಿದ್ದರೆ ಒಳ್ಳೆಯದಿತ್ತು ಎನಿಸುತ್ತದೆ ಎಂದರು. ಮನೋವೈದ್ಯರ ಬಳಿಗೆ ಕಳುಹಿಸಿದೆ, ರಕ್ತಪರೀಕ್ಷೆ ಮಾಡಿಸಲೂ ಹೇಳಿದೆ. ರಕ್ತಹೀನತೆ ಇತ್ತು. ಮಾತ್ರೆ ನುಂಗುವುದು ಶ್ರದ್ಧಾಹೀನರ ಕೆಲಸವೆಂದು ಕಲಿತವರಿಗೆ ಮೊದಲ ಮಾತ್ರೆಯೇ ದೊಡ್ಡ ಹೋರಾಟ. ಟೆಲಿ ಮಾನಸ್ ಸಹಾಯವಾಣಿ 14416ನ್ನು ಫೋನಿನಲ್ಲಿ ಬರೆದಿಟ್ಟುಕೊಟ್ಟೆ. ಉಚಿತ, ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಶಾಪದ ಭಯ ಸುಲಭವಾಗಿ ಹೋಗಲಿಲ್ಲ. ಬಿಟ್ಟುಹೋದವರ ವಂಶ ನಿಲ್ಲುವುದಿಲ್ಲ ಎಂಬ ಮಾತು ಅಲ್ಲಿ ಚಾಲ್ತಿಯಲ್ಲಿತ್ತು. ಚಿಕ್ಕಪ್ಪನ ಮಗ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಾಗ ವಿಮಲಾ ಇಡೀ ರಾತ್ರಿ ಅತ್ತರು. ಅದು ಮೂಢನಂಬಿಕೆ ಎಂದು ನಾನು ಭಾಷಣ ಮಾಡಲಿಲ್ಲ. ಬಳಗದಲ್ಲೇ ಉಳಿದವರ ಮನೆಗಳಲ್ಲಿ ಈ ವರ್ಷಗಳಲ್ಲಿ ಏನೇನಾಯಿತು ಎಂದಷ್ಟೇ ಕೇಳಿದೆ. ಅವರೇ ನೆನಪಿಸಿಕೊಳ್ಳುತ್ತಾ ಹೋದರು: ಒಬ್ಬರಿಗೆ ಲಕ್ವ, ಒಬ್ಬರ ಮಗು ತೀರಿಕೊಂಡದ್ದು, ಹಿರಿಯರೊಬ್ಬರ ಹೃದಯಾಘಾತ. "ಅವುಗಳನ್ನು ಅಲ್ಲಿ ಪರೀಕ್ಷೆ ಎನ್ನುತ್ತಿದ್ದರು. ನಮಗಾದರೆ ಶಿಕ್ಷೆ" ಎಂದು ನಿಧಾನವಾಗಿ ಹೇಳಿದರು. ಆ ಮಾತನ್ನು ನಾನು ಹೇಳಿದ್ದರೆ ಅದಕ್ಕೆ ಅರ್ಧ ಬಲವೂ ಇರುತ್ತಿರಲಿಲ್ಲ.

ಸಿಟ್ಟು ಬಂದ ಹಾಗೆ ದುಃಖವೂ ಬಂತು. ಸಂಜೆಯ ಸಾಮೂಹಿಕ ಹಾಡುಗಾರಿಕೆ ಅವರಿಗೆ ಪ್ರಾಣವಾಗಿತ್ತು. ಅಂಥ ಹಾಡು ಹೊರಗೆಲ್ಲೂ ಇಲ್ಲ ಎಂದು ಅತ್ತರು. ಆಸ್ಪತ್ರೆಯಲ್ಲಿ ಬುತ್ತಿ ತಂದ ಹೆಂಗಸು ಈಗ ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾಳೆ. ಎಲ್ಲವೂ ಮೋಸವಾಗಿತ್ತು ಎಂದು ಒಪ್ಪಿಕೊಳ್ಳಲು ಮನೆಯವರು ಒತ್ತಾಯಿಸುತ್ತಿದ್ದರು. ಅಲ್ಲಿ ಸಿಕ್ಕ ಅಕ್ಕರೆ ನಿಜವಾಗಿಯೇ ಇದ್ದಿರಬಹುದು, ಅದಕ್ಕೆ ತೆತ್ತ ಬೆಲೆ ಅನ್ಯಾಯದ್ದು, ಎರಡನ್ನೂ ಇಟ್ಟುಕೊಳ್ಳಿ ಎಂದೆ. ಮನೆಯಲ್ಲಿ ದೀಪ ಹಚ್ಚಬಹುದೇ ಎಂದು ಕೇಳಿದಾಗ, ಹಚ್ಚು ಎಂದೂ ಬೇಡ ಎಂದೂ ಹೇಳಲಿಲ್ಲ. ನಂಬಿಕೆಯನ್ನು ಬಿಡಿಸುವುದು ನನ್ನ ಕೆಲಸವಲ್ಲ. ಬಳಗದ ಹಿರಿಯರು ಎದ್ದ ಕುರ್ಚಿಯಲ್ಲಿ ಹೋಗಿ ಕೂರುವ ಆಪ್ತಸಲಹೆಗಾರರು ಇಂಥವರಿಗೆ ಎರಡನೆಯ ಸಲ ಕೇಡು ಮಾಡುತ್ತಾರೆ. ಬೇರೊಂದು ಗುಂಪನ್ನು ಬಿಟ್ಟುಬಂದಿದ್ದ ಹಿರಿಯರೊಬ್ಬರನ್ನು, ಇಬ್ಬರ ಒಪ್ಪಿಗೆಯಿಂದ, ಭೇಟಿ ಮಾಡಿಸಿದೆ. ಮೂರೂವರೆಯ ಎಚ್ಚರ ಅವರಿಗೂ ಎರಡು ವರ್ಷ ಇತ್ತೆಂದು ಕೇಳಿ ವಿಮಲಾಗೆ ನನ್ನ ಯಾವ ಮಾತಿಗಿಂತಲೂ ಹೆಚ್ಚು ಸಮಾಧಾನವಾಯಿತು.

ಆಸ್ತಿಯ ವಿಷಯದಲ್ಲಿ ಅವಸರಪಡಬೇಡಿ ಎನ್ನಲು ಬರುವುದಿಲ್ಲ, ಕಾನೂನಿಗೆ ಗಡುವಿದೆ. 1872ರ ಭಾರತೀಯ ಕರಾರು ಕಾಯ್ದೆಯ 16ನೇ ಕಲಮು, ಒಬ್ಬರ ಇಚ್ಛೆಯನ್ನು ಆಳುವ ಸ್ಥಾನದಲ್ಲಿರುವವರು ಬೀರುವ ಅನುಚಿತ ಪ್ರಭಾವದ ಬಗ್ಗೆ ಹೇಳುತ್ತದೆ. ವೃದ್ಧರೊಬ್ಬರು ಪರಲೋಕದ ಪುಣ್ಯಕ್ಕೆಂದು ಇಡೀ ಆಸ್ತಿಯನ್ನು ಗುರುವಿಗೆ ಕೊಟ್ಟ ಪ್ರಕರಣದಲ್ಲಿ ಅಲಹಾಬಾದ್ ಹೈಕೋರ್ಟ್ 1890ರಷ್ಟು ಹಿಂದೆಯೇ ಇಂಥ ಪ್ರಭಾವ ಇತ್ತೆಂದೇ ಭಾವಿಸಿತ್ತು. ಆದರೆ ಪತ್ರ ರದ್ದುಪಡಿಸಲು ದಾವೆ ಹೂಡುವ ಅವಧಿ, ಅದಕ್ಕೆ ಆಧಾರವಾದ ಸಂಗತಿ ತಿಳಿದಂದಿನಿಂದ ಮೂರು ವರ್ಷ. ಈ ಲೆಕ್ಕವನ್ನು ಹಾಕಬೇಕಾದವರು ವಕೀಲರು, ನಾನಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆಂದು ತಿಳಿಸಿದೆ. ವಿಮಲಾ ಹೋಗಿ ಬಂದಿದ್ದಾರೆ. ದಾವೆ ಹೂಡುವರೋ ಇಲ್ಲವೋ ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಇನ್ನು ತಮ್ಮ. ಅವನನ್ನು ಹೇಗಾದರೂ ಎಳೆದುಕೊಂಡು ಬರಬೇಕೆಂದು ತಾಯಿ, ಮಗಳು ಇಬ್ಬರೂ ಬಂದಿದ್ದರು; ಹಿರಿಯರ ಹುಳುಕುಗಳನ್ನೆಲ್ಲ ಪಟ್ಟಿ ಮಾಡಿ ಕಳುಹಿಸಬೇಕೆಂಬುದು ಅವರ ಯೋಚನೆ. ಬೇಡವೆಂದೆ. ಅಮೆರಿಕದಲ್ಲಿ ಒಂದು ಪುಟ್ಟ ಗುಂಪು 1954ರ ಡಿಸೆಂಬರ್ 21ಕ್ಕೆ ಮಹಾಪ್ರಳಯವಾಗುತ್ತದೆಂದು ನಂಬಿ ಕಾದಿತ್ತು. ಪ್ರಳಯ ಬರಲಿಲ್ಲ. ಒಳಹೊಕ್ಕು ನೋಡಿದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಮತ್ತು ಜೊತೆಗಾರರು, ಕೆಲಸ, ಮನೆ ಎಲ್ಲವನ್ನೂ ಪಣಕ್ಕಿಟ್ಟು ಜೊತೆಯಾಗಿ ಕಾದಿದ್ದವರಲ್ಲಿ ಹಲವರ ನಂಬಿಕೆ ಮುರಿಯಲಿಲ್ಲ, ಪ್ರಚಾರಕ್ಕೂ ಇಳಿದರು ಎಂದು ಬರೆದರು. ಕಣ್ಣೆದುರಿನ ಸಾಕ್ಷ್ಯವೇ ಸೋತಲ್ಲಿ ಅಕ್ಕನ ಪತ್ರ ಗೆಲ್ಲುವುದು ಕಷ್ಟ. ಅವನಿಗೆ ಹೊರಗಿನವರು ದ್ವೇಷಿಸುತ್ತಾರೆ ಎಂದು ಕಲಿಸಿರುತ್ತಾರೆ. ಬೈಗುಳದ ಪತ್ರ ಅದಕ್ಕೇ ಪುರಾವೆಯಾಗುತ್ತದೆ.

ಫೋನ್ ಮಾಡಿದರೆ ಗುರುವಿನ ಸುದ್ದಿ ಎತ್ತಬೇಡಿ ಎಂದೆ. ಅಮ್ಮನ ಮಂಡಿನೋವು, ಊರಿನ ಮಳೆ, ಅವನು ಶಾಲೆಯಲ್ಲಿದ್ದಾಗ ಆಡುತ್ತಿದ್ದ ಕ್ರಿಕೆಟ್, ಯಾರ ಮದುವೆ ಗೊತ್ತಾಯಿತು, ಇಂಥವು ಸಾಕು. ಪಕ್ಕದಲ್ಲಿ ಕೇಳಿಸಿಕೊಳ್ಳುವವರು ಇರುತ್ತಾರೆಂಬುದು ನೆನಪಿರಲಿ. ಕರೆ ಕತ್ತರಿಸಿದರೂ ಮುಂದಿನ ಹಬ್ಬಕ್ಕೆ ಮತ್ತೆ ಮಾಡಿ. ಬಂದರೆ ಬಾ, ಏನೂ ಕೇಳುವುದಿಲ್ಲ ಎಂಬ ಒಂದೇ ಮಾತು ಅವನಿಗೆ ತಲುಪುತ್ತಿರಲಿ. "ನಾವು ಆಗಲೇ ಹೇಳಿರಲಿಲ್ಲವೇ" ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರಬಾರದೆಂದು ತಾಯಿಗೆ ಒತ್ತಿ ಹೇಳಿದೆ, ಬಿಟ್ಟುಬಂದವರು ಮರಳಿ ಹೋಗುವುದು ಎಷ್ಟೋ ಸಲ ಈ ಮಾತು ತಾಳಲಾರದೆ.

ಈಗ ತಿಂಗಳಿಗೊಮ್ಮೆ ಅವನ ಕರೆ ಬರುತ್ತದೆ. ಬರುವ ಸೂಚನೆ ಇನ್ನೂ ಇಲ್ಲ. ಆದರೂ ಮಾಡಬೇಕಾದದ್ದನ್ನು ಅವರು ಮಾಡುತ್ತಿದ್ದಾರೆ: ಅವನ ಹೆಸರಿನಲ್ಲಿ ಸ್ವಲ್ಪ ಹಣ ಕೂಡಿಡುತ್ತಿದ್ದಾರೆ, ಒಂದು ಹಳೆಯ ಮೊಬೈಲ್ ಸರಿಮಾಡಿಸಿದ್ದಾರೆ. ಮೂಲ ಅಂಕಪಟ್ಟಿಗಳು ಬಳಗದ ಕಪಾಟಿನಲ್ಲಿವೆ. ವಿಮಲಾ ತನ್ನ ಎಸ್ಎಸ್ಎಲ್‌ಸಿ ನಕಲಿಗೆ ಹಳೆಯ ಶಾಲೆಯ ಮೂಲಕ ಅರ್ಜಿ ಹಾಕಿದಾಗ, ತಮ್ಮ ಬಂದ ಮೇಲೆ ಅವನಿಗೆ ಏನೇನು ಬೇಕಾಗುತ್ತದೆಂದು ಮುಖ್ಯೋಪಾಧ್ಯಾಯರನ್ನು ಕೇಳಿ ತಿಳಿದು ಬಂದಿದ್ದಾರೆ.