ದಿನಾ ಊಟದ ಜೊತೆ ಕುಡಿಯೋಕೆ ಕಡಿಮೆ ಬೆಲೆಯ ಇಟಲಿ ವೈನ್ ಯಾವುದು?

ನಾನು ಮೊದಲು ಹೇಳೋದು ಮಾಂಟೆಪುಲ್ಚಿಯಾನೊ ದಾಬ್ರುಟ್ಸೊ. ಮಧ್ಯ ಇಟಲಿಯ ಅಬ್ರುಟ್ಸೊ ಪ್ರಾಂತ್ಯದ ಕೆಂಪು ವೈನ್. ಗ್ಲಾಸಿಗೆ ಸುರಿದರೆ ನೇರಳೆ ಹಣ್ಣಿನಂಥ ಗಾಢ ಬಣ್ಣ, ಬಾಯಿಗೆ ಮೃದು. ಟೊಮೆಟೊ ಸಾಸ್ ಹಾಕಿದ ಪಾಸ್ತಾ ಜೊತೆ ತುಂಬ ಚೆನ್ನಾಗಿರುತ್ತದೆ.

ಕೊಳ್ಳುವಾಗ ಲೇಬಲ್ ಪೂರ್ತಿ ಓದಿ. 'ವೀನೊ ನೋಬಿಲೆ ದಿ ಮಾಂಟೆಪುಲ್ಚಿಯಾನೊ' ಅಂತಿದ್ದರೆ ಅದು ಬೇರೆಯೇ ವೈನ್. ಅಲ್ಲಿ ಮಾಂಟೆಪುಲ್ಚಿಯಾನೊ ಅನ್ನೋದು ಟಸ್ಕನಿಯ ಊರು, ದ್ರಾಕ್ಷಿ ಮುಖ್ಯವಾಗಿ ಸಾಂಜೊವೇಸೆ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಅಬ್ರುಟ್ಸೊದ್ದರಲ್ಲಿ ಅದು ದ್ರಾಕ್ಷಿಯ ಹೆಸರು.

ಹುಳಿ ಇಷ್ಟ ಅಂದ್ರೆ ಪೀಡ್‌ಮಾಂಟ್‌ನ ಬಾರ್ಬೆರಾ ನೋಡಿ, ಒಗರು ಕಡಿಮೆ. ಬಿಳಿ ಬೇಕಿದ್ದರೆ ವೆರೋನಾ ಕಡೆಯ ಸೊವಾವೆ. ಇವುಗಳಲ್ಲಿ ಅಗ್ಗದ ಬಾಟಲಿಗಳನ್ನು ಸುಮ್ನೆ ವರ್ಷಗಟ್ಟಲೆ ಇಡಬೇಡಿ, ಬೇಗ ಕುಡಿದರೇ ರುಚಿ.